ಕೇಳುವ ಊರಿಗೆ ಬಂದ ಮಾತು

ಗುಬ್ಬಿಗೆ ಆ ಹೆಸರು ಹೇಗೆ ಬಂತೆಂದು ಊರಿನ ಹಿರಿಯರನ್ನು ಕೇಳಿದರೆ ಒಂದು ಕಥೆ ಹೇಳುತ್ತಾರೆ. ಹಿಂದೆ ಅಲ್ಲಿಯ ಗುಡಿಯೊಂದರಲ್ಲಿ ಪುರಾಣ ನಡೆಯುತ್ತಿತ್ತಂತೆ. ಎರಡು ಗುಬ್ಬಚ್ಚಿಗಳು ದಿನವೂ ತಪ್ಪದೆ ಬಂದು ಕೂತು ಕೇಳುತ್ತಿದ್ದವಂತೆ. ಪುರಾಣ ಮಂಗಳವಾದ ದಿನ ಅವೂ ಅಲ್ಲೇ ಪ್ರಾಣ ಬಿಟ್ಟವಂತೆ. ಕೋಟೆ ಕಟ್ಟಿದ ಪಾಳೆಯಗಾರರ ಹೆಸರು ಊರಿಗೆ ನಿಲ್ಲಲಿಲ್ಲ, ಪುರಾಣ ಹೇಳಿದವರ ಹೆಸರೂ ನಿಲ್ಲಲಿಲ್ಲ. ನಿಂತದ್ದು ಕೇಳಿದ ಹಕ್ಕಿಗಳ ಹೆಸರು.

ಕೇಳುವುದನ್ನೇ ಕುಲಧರ್ಮ ಮಾಡಿಕೊಂಡ ಇನ್ನೊಂದು ಜನ ಈ ಭೂಮಿಯ ಮೇಲಿದೆ. ಯೆಹೂದ್ಯರು ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹೇಳುವ ಪ್ರಾರ್ಥನೆಯ ಮೊದಲ ಶಬ್ದ ‘ಶೆಮಾ’. ಹಾಗೆಂದರೆ ‘ಕೇಳು’. ಮಲಗಿರುವ ಮಗುವಿನ ಕಿವಿಯಲ್ಲಿ ತಾಯಿ ಹೇಳುವುದೂ ಅದನ್ನೇ, ಸಾಯುವವನ ತುಟಿಯ ಮೇಲೆ ಕೊನೆಗೆ ಉಳಿಯಬೇಕಾದ್ದೂ ಅದೇ. ಈ ಎರಡು ಕಡೆಯ ಕೇಳ್ಮೆ 1837ರಲ್ಲಿ ಗುಬ್ಬಿಯ ಪೇಟೆಯಲ್ಲಿ ಒಂದನ್ನೊಂದು ಸಂಧಿಸಿತು. ಆಗ ಅದು ಹಾಗೆ ಯಾರಿಗೂ ತೋಚಲಿಲ್ಲ. ಮಾತನ್ನು ತಂದವರು ಕ್ರೈಸ್ತ ಮಿಷನರಿಗಳು. ಅದರ ಮೂಲದ ಒಡೆಯರು ಅಲ್ಲಿ ಇರಲಿಲ್ಲ.

ಆ ಒಡೆಯರ ಕಥೆಯನ್ನು ಮೊದಲು ಹೇಳಬೇಕು. ಕ್ರಿಸ್ತಪೂರ್ವ 586ರಲ್ಲಿ ಬಾಬಿಲೋನಿಯದ ಅರಸ ಯೆರೂಸಲೇಮನ್ನು ಸುಟ್ಟ. ದೇವಾಲಯ ಉರಿಯಿತು, ಜನ ಸೆರೆಯಾಗಿ ನದಿಗಳಾಚೆ ಹೋದರು. ಆ ಕಾಲದ ರೂಢಿಯಂತೆ ಸೋತ ಜನ ಗೆದ್ದವನ ದೇವರಿಗೆ ಕೈಮುಗಿದು ಅಲ್ಲಿಯೇ ಕರಗಿ ಹೋಗಬೇಕಿತ್ತು. ಇವರು ಕರಗಲಿಲ್ಲ. ಗೆದ್ದವನ ದೇವರು ದೊಡ್ಡವನೆಂದು ಒಪ್ಪುವ ಬದಲು, ನಾವು ಬಡವರ ಮೇಲೆ ಮಾಡಿದ ಅನ್ಯಾಯಕ್ಕೆ ನಮ್ಮ ದೇವರೇ ನಮ್ಮನ್ನು ದಂಡಿಸಿದ ಎಂದರು. ಸೋಲಿಗೆ ಇಂಥ ಅರ್ಥ ಕಟ್ಟಿದ ಜನ ಲೋಕದಲ್ಲಿ ವಿರಳ. ಮತ್ತೆ ಕಟ್ಟಿದ ದೇವಾಲಯವನ್ನು ಕ್ರಿಸ್ತಶಕ 70ರಲ್ಲಿ ರೋಮನ್ನರು ಕೆಡವಿದರು. ಆಗ ಯೋಹಾನಾನ್ ಬೆನ್ ಜಕ್ಕೈ ಎಂಬ ಗುರು ಯಾವ್ನೆ ಎಂಬ ಸಣ್ಣ ಊರಿನಲ್ಲಿ ಪಾಠಶಾಲೆ ನಡೆಸಿದ. ಬಲಿಪೀಠವಿದ್ದ ಜಾಗಕ್ಕೆ ಗ್ರಂಥ ಬಂತು. ರಾಜ್ಯವಿಲ್ಲ, ಸೈನ್ಯವಿಲ್ಲ, ಗುಡಿಯಿಲ್ಲ. ಹತ್ತು ಜನ ಕೂಡಿ ಸುರುಳಿ ಬಿಚ್ಚಿ ಓದಿದ ಕಡೆಯೇ ದೇಶ.

ಕನ್ನಡ ನೆಲಕ್ಕೆ ಅಂಥ ದೇಶವೊಂದು ಗುಬ್ಬಿಗಿಂತ ಏಳುನೂರು ವರ್ಷ ಮೊದಲೇ ಬಂದಿತ್ತು. ಟ್ಯುನೀಶಿಯದ ಮಹದಿಯಾ ಊರಿನ ಅಬ್ರಹಾಂ ಬೆನ್ ಯಿಜು ಏಡನ್ ಬಂದರಿನ ಮೂಲಕ ಮಂಗಳೂರಿಗೆ ಬಂದು, 1149ರವರೆಗೆ ಹದಿನೇಳು ವರ್ಷಕ್ಕೂ ಮೇಲ್ಪಟ್ಟು ನಮ್ಮ ಕರಾವಳಿಯಲ್ಲಿ ಬಾಳಿದ. ಮೆಣಸು, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ. ಕಂಚಿನ ಪಾತ್ರೆಗಳ ಕಮ್ಮಟ ನಡೆಸುತ್ತಿದ್ದ. ಏಡನ್ನಿನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿಯ ಜೊತೆಗೆ ಬರೆಯಲು ಕಾಗದ ಕಳಿಸುತ್ತಿದ್ದರು. ನಮ್ಮಲ್ಲಿ ಆಗ ಬರಹ ಹೆಚ್ಚಾಗಿ ಓಲೆಯ ಮೇಲೆ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟ. ಅವಳೇ ಅವನ ಮನೆಯಾಕೆಯಾದಳೆಂದು ವಿದ್ವಾಂಸರು ತಿಳಿಯುತ್ತಾರೆ. ಅವನ ವ್ಯಾಪಾರಕ್ಕೆ ಏಡನ್ನಿಗೆ ಹೋಗಿ ಬರುತ್ತಿದ್ದವನ ಹೆಸರು ಬೊಮ್ಮ. ಕೈರೋದ ಹಳೆಯ ಸಿನಗಾಗಿನ ಉಗ್ರಾಣದಲ್ಲಿ ಈ ಕಾಗದಗಳು ಏಳು ಶತಮಾನಕ್ಕೂ ಹೆಚ್ಚು ಕಾಲ ಬಿದ್ದಿದ್ದವು, ಏಕೆಂದರೆ ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಯೆಹೂದ್ಯರು ಹರಿದು ಎಸೆಯುವುದಿಲ್ಲ.

ಬೆನ್ ಯಿಜು ಧರ್ಮಶಾಸ್ತ್ರ ಬಲ್ಲವನು, ಕವಿತೆ ಕಟ್ಟುತ್ತಿದ್ದವನು. ಅವನು ಮಂಗಳೂರಿನಲ್ಲಿದ್ದ ಕಾಲವೂ ಕಲ್ಯಾಣದಲ್ಲಿ ಬಸವಣ್ಣನವರ ಕಾಲವೂ ಒಂದಕ್ಕೊಂದು ತಾಗಿಕೊಂಡಿವೆ. ಅವನು ಯಾರಿಗೂ ಬೋಧಿಸಲು ಹೊರಡಲಿಲ್ಲ. ತನ್ನ ಮನೆಯಲ್ಲಿ ತನ್ನ ನೇಮ ಕಾದುಕೊಂಡ, ಅಷ್ಟೆ. ಈ ಸಂಗತಿಯನ್ನು ನಾನು ಮುಖ್ಯವೆಂದು ಎಣಿಸುತ್ತೇನೆ. ಯೆಹೂದ್ಯರು ಅನ್ಯಜನಗಳಿಗೆ ದಾರಿ ತೋರಿದ್ದು ಬಹುಮಟ್ಟಿಗೆ ಹೀಗೆಯೇ: ಹೊರೆಯನ್ನು ತಮ್ಮ ಹೆಗಲ ಮೇಲೆ ಹೊತ್ತರು, ನೋಡಿದವರು ಅದರಿಂದ ಬೇಕಾದ್ದನ್ನು ತೆಗೆದುಕೊಂಡರು. ಯೆಹೂದ್ಯ ಶಾಸ್ತ್ರದ ಪ್ರಕಾರ ಪರರು ಮೋಕ್ಷಕ್ಕಾಗಿ ಯೆಹೂದ್ಯರಾಗಬೇಕಿಲ್ಲ. ಎಲ್ಲ ಮನುಷ್ಯರೂ ನೋಹನ ಮಕ್ಕಳು. ಅವರಿಗೆ ಏಳು ಕಟ್ಟಳೆ ಸಾಕು. ಅನ್ಯದೇವರ ಪೂಜೆ, ದೇವದೂಷಣೆ, ಕೊಲೆ, ಹಾದರ, ಕಳವು ಬೇಡ. ಬದುಕಿರುವ ಪ್ರಾಣಿಯಿಂದ ಅಂಗ ಕಿತ್ತು ತಿನ್ನಬೇಡ. ಊರಲ್ಲಿ ನ್ಯಾಯಸ್ಥಾನ ಇರಲಿ. ಇಷ್ಟು ನಡೆಸಿದ ಪರಕೀಯನಿಗೂ ಬರುವ ಲೋಕದಲ್ಲಿ ಪಾಲುಂಟು.

ಬೆನ್ ಯಿಜು ಬದುಕಿದ್ದ ದಿನಗಳಲ್ಲೇ ಸ್ಪೇನಿನಲ್ಲಿ ಯೆಹೂದಾ ಹಲೇವಿ ಎಂಬ ಕವಿ, ಜನಾಂಗಗಳ ನಡುವೆ ಇಸ್ರಾಯೇಲ್ ಅಂಗಗಳ ನಡುವಿನ ಹೃದಯದಂತೆ ಎಂದು ಬರೆದ. ಬರೀ ಬಲಿಷ್ಠವೆಂಬ ಅರ್ಥದಲ್ಲಿ ಅಲ್ಲ. ಅಂಗಗಳಲ್ಲೆಲ್ಲ ಅತಿ ಹೆಚ್ಚು ರೋಗಕ್ಕೆ ಒಳಗಾಗುವುದೂ ಅತಿ ಹೆಚ್ಚು ಆರೋಗ್ಯವಾಗಿರುವುದೂ ಹೃದಯವೇ ಎಂಬ ಅರ್ಥದಲ್ಲಿ. ಮುಂದೆ ಕೈರೋದಲ್ಲಿ ಮೈಮೊನಿಡೀಸ್ ಎಂಬ ಯೆಹೂದ್ಯ ಪಂಡಿತ ಇನ್ನೂ ದೊಡ್ಡ ಮಾತು ಹೇಳಿದ. ಅವನ ತಮ್ಮ ದಾವೀದ್ ವ್ಯಾಪಾರಕ್ಕೆ ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತಿದ್ದ. ನಮ್ಮ ಕಡಲು ಅವನಿಗೆ ದುಃಖದ ಕಡಲು. ಕ್ರೈಸ್ತರೂ ಮುಸಲ್ಮಾನರೂ ಎಲ್ಲಿ ತಪ್ಪಿದ್ದಾರೆಂದು ಅವನು ಭಾವಿಸಿದ್ದನೋ ಅದನ್ನು ಮುಚ್ಚಿಡದೆ ಬರೆದೂ, ದೂರದೂರದ ದ್ವೀಪಗಳಿಗೆ ಧರ್ಮಶಾಸ್ತ್ರದ ಮಾತು ಮುಟ್ಟುವುದು ಅವರ ಮೂಲಕವೇ ಎಂದು ಅವನು ತನ್ನ ಶಾಸ್ತ್ರಗ್ರಂಥದಲ್ಲಿ ದಾಖಲಿಸಿದ. ಗುಬ್ಬಿಯ ಹೆಸರು ಅವನಿಗೆ ತಿಳಿದಿರಲಾರದು. ಆದರೂ ಆ ಮಾತು ನಿಜವಾದ ಊರುಗಳಲ್ಲಿ ಗುಬ್ಬಿಯೂ ಒಂದು.

ಕಾಲ ಹತ್ತೊಂಬತ್ತನೆಯ ಶತಮಾನಕ್ಕೆ ಬಂತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆ ನಿಂತ. ವಿಲಿಯಂ ರೀವ್ ಅವನ ಜೊತೆಗಾರ. ಕನ್ನಡ ಇಂಗ್ಲಿಷ್ ನಿಘಂಟು ಕಟ್ಟಿದವನು. ಇಪ್ಪತ್ತು ವರ್ಷದ ದುಡಿಮೆಯ ನಂತರ 1831ರ ಸುಮಾರಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂತು. ಅದರ ಮೂರು ಪಾಲಿನಲ್ಲಿ ಎರಡು ಪಾಲಿಗಿಂತ ಹೆಚ್ಚು ‘ಹಳೆಯ ಒಡಂಬಡಿಕೆ’: ಹುಟ್ಟಿನಿಂದ ಯೆಹೂದ್ಯರದು, ಬಹುತೇಕ ಹೀಬ್ರು ಭಾಷೆಯದು. ಎರಡು ಸಾವಿರ ವರ್ಷ ಹಿಂದೆ ಅಲೆಕ್ಸಾಂಡ್ರಿಯದಲ್ಲಿ ಯೆಹೂದ್ಯ ಪಂಡಿತರು ತಮ್ಮ ಗ್ರಂಥವನ್ನು ಮೊದಲ ಬಾರಿ ಪರಭಾಷೆಗೆ, ಗ್ರೀಕಿಗೆ ತಂದಿದ್ದರು. ಆ ನಡಿಗೆಯ ಒಂದು ಹೆಜ್ಜೆ ಬಳ್ಳಾರಿಯ ಬಿಸಿಲಲ್ಲಿ ಬಿತ್ತು.

ಭಾಷಾಂತರದ ಶಬ್ದಗಳನ್ನು ನೋಡಿದರೆ ನನಗೆ ಈಗಲೂ ರೋಮಾಂಚನವಾಗುತ್ತದೆ. ದೇವರು ಜನರೊಡನೆ ಮಾಡಿಕೊಂಡ ಕರಾರಿಗೆ ಕನ್ನಡದಲ್ಲಿ ಬಂದ ಶಬ್ದ ‘ಒಡಂಬಡಿಕೆ’. ಪೇಟೆಯವನೂ ರೈತನೂ ಕೂತು ಮಾಡಿಕೊಳ್ಳುವ ಮಾತಿನ ಶಬ್ದ. ಸ್ತುತಿಪದ್ಯಗಳಿಗೆ ನಿಂತ ಹೆಸರು ‘ಕೀರ್ತನೆಗಳು’, ಪುರಂದರದಾಸರ ಹಾಡಿಗೆ ನಾವು ಹೇಳುವ ಅದೇ ಹೆಸರು. ಹೀಬ್ರುವಿನ ಧರ್ಮನ್ಯಾಯದ ಶಬ್ದ ಕನ್ನಡದಲ್ಲಿ ‘ನೀತಿ’ಯಾಯಿತು. ಆ ಹೀಬ್ರು ಶಬ್ದದಿಂದಲೇ ಹುಟ್ಟಿದ ‘ತ್ಸೆದಾಕಾ’ ಎಂಬುದು ಬಡವನಿಗೆ ಕೊಡುವ ಕೊಡುಗೆ. ಯೆಹೂದ್ಯರ ಎಣಿಕೆಯಲ್ಲಿ ಅದು ಕರುಣೆಯ ದಾನವಲ್ಲ, ಸಲ್ಲಬೇಕಾದ ನ್ಯಾಯ. ತುಮಕೂರಿನ ಸಿದ್ಧಗಂಗೆಯಲ್ಲಿ ದಾಸೋಹದ ಒಲೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಠಾಣೆ ಹೂಡಿದ. ಮೈಸೂರು ಸೀಮೆ ಆಗ ಕಮಿಷನರರ ಆಡಳಿತದಲ್ಲಿತ್ತು. ಗುಬ್ಬಿಯನ್ನೇ ಏಕೆ ಹಿಡಿದರೆಂದರೆ, ಸಂತೆ. ಅಡಿಕೆ, ಕೊಬ್ಬರಿ, ಜವಳಿ, ದವಸ. ಮಲೆನಾಡಿನ ಸರಕೂ ಬಯಲುಸೀಮೆಯ ಸರಕೂ ಕೈ ಬದಲಾಯಿಸುವ ಜಾಗ. ಗುಬ್ಬಿಯಲ್ಲಿ ಆಡಿದ ಮಾತು ಮಾರನೆಯ ದಿನ ಹತ್ತಾರು ಹಳ್ಳಿಗೆ ಹೋಗುತ್ತಿತ್ತು. ಹಾಡ್ಸನ್ ಕನ್ನಡವನ್ನು ಶ್ರದ್ಧೆಯಿಂದ ಕಲಿತ. 1859ರಲ್ಲಿ ಕನ್ನಡಕ್ಕೊಂದು ವ್ಯಾಕರಣವನ್ನೇ ಬರೆದು ಪ್ರಕಟಿಸಿದ. 1839ರಲ್ಲಿ ಅವನ ಬಳಿಗೆ ಐರ್ಲೆಂಡಿನಿಂದ ಬಂದವನು ಇಪ್ಪತ್ತು ವರ್ಷದ ವಿಲಿಯಂ ಆರ್ಥರ್. ಎರಡು ವರ್ಷದೊಳಗೆ ಆರೋಗ್ಯ ಕೆಟ್ಟು 1841ರಲ್ಲಿ ಹಿಂದಿರುಗಿದ. 1847ರಲ್ಲಿ ಮೈಸೂರಿನ ಮಿಷನ್ ಕುರಿತು ಅವನು ಬರೆದ ಇಂಗ್ಲಿಷ್ ಪುಸ್ತಕದಿಂದ ಗುಬ್ಬಿಯ ಹೆಸರು ಇಂಗ್ಲೆಂಡಿನ ಮನೆಮನೆಗಳಲ್ಲಿ ಓದಿಗೆ ಬಂತು.

ಈ ತರುಣರು ಯಾವ ಊರಿಗೆ ಬಂದಿದ್ದರೆಂದು ನೆನೆಯಬೇಕು. 1513ರಲ್ಲಿ ‘ಭಾವಚಿಂತಾರತ್ನ’ ಬರೆದ ಮಲ್ಲಣಾರ್ಯನ ಊರು ಅದು. ಪರರ ಮಗು ಸತ್ತದ್ದಕ್ಕೆ ತನ್ನ ಮಗನನ್ನೇ ದಂಡಕ್ಕೆ ಒಪ್ಪಿಸಿದ ಸತ್ಯೇಂದ್ರಚೋಳನ ಕಥೆ ಆ ಕಾವ್ಯದ್ದು. ದಕ್ಷಿಣಕ್ಕೆ ಕುಣಿಗಲ್ ಸೀಮೆಯಲ್ಲಿ ನಾಗಿನಿ ಹೊಳೆಯ ದಡದ ಕಗ್ಗೆರೆ. ತೋಂಟದ ಸಿದ್ಧಲಿಂಗ ಯತಿಗಳು ತಪಸ್ಸು ಮಾಡಿದ ತೋಟ. ಅವರು 701 ವಚನಗಳನ್ನು ಹೇಳಿ ಎಡೆಯೂರಿನಲ್ಲಿ ನೆಲೆಸಿದವರು. ಅಂಗೈಯ ಮೇಲಿನ ಇಷ್ಟಲಿಂಗವಲ್ಲದೆ ಬೇರೆ ದೈವಕ್ಕೆ ತಲೆಬಾಗದ ಜನ ಆ ಪೇಟೆಯ ಅಂಗಡಿಗಳಲ್ಲಿ ಕೂತಿದ್ದರು. ‘ದೇವರೊಬ್ಬನೇ’ ಎಂದು ಅವರಿಗೆ ಹೇಳುವುದು ಸಮುದ್ರದವರಿಗೆ ಉಪ್ಪು ಮಾರಿದ ಹಾಗೆ.

ಮುಂದಿನ ಮಾತನ್ನು ಬರೆಯುವಾಗ ನನ್ನ ಮನಸ್ಸು ನೋಯುತ್ತದೆ. ತಮ್ಮ ಕಾಲದ ಬಹುತೇಕ ಮಿಷನರಿಗಳಂತೆ ಇವರೂ ವಿಗ್ರಹಗಳನ್ನು ಖಂಡಿಸುವ ಪ್ರವಾದಿಗಳ ಮಾತನ್ನು ಗುಬ್ಬಿಯವರ ಗುಡಿಗಳ ಮೇಲೆ ಬೀಸಿದರು. ಶ್ರದ್ಧೆಯಲ್ಲಿ ಅವರಿಗೆ ಕೊರತೆಯಿರಲಿಲ್ಲ. ಬಿಸಿಲು, ಜ್ವರ, ಮಕ್ಕಳ ಸಾವು ಎಲ್ಲವನ್ನೂ ತಾಳಿದರು. ಆದರೆ ಆ ಮಾತುಗಳು ಮೊದಲು ಯಾರ ಮೇಲೆ ಬಿದ್ದಿದ್ದವು? ಯೆಶಾಯ, ಯೆರೆಮೀಯ, ಆಮೋಸ, ಮೀಕ ಗದರಿದ್ದು ಬಹುಮಟ್ಟಿಗೆ ತಮ್ಮ ಜನರನ್ನು, ತಮ್ಮ ಅರಸರನ್ನು, ತಮ್ಮ ಪೂಜಾರಿಗಳನ್ನು. ಬಡವನನ್ನು ಚಪ್ಪಲಿಯ ಬೆಲೆಗೆ ಮಾರುವವರ ಹಬ್ಬವೂ ಹಾಡೂ ದೇವರಿಗೆ ಬೇಡ ಎಂದ ಆಮೋಸ ಕುರಿ ಕಾಯುವವನು; ಅವನ ಎದುರಿಗಿದ್ದವರು ಅವನದೇ ಜನ. ಇಂಥ ಬೈಗುಳವನ್ನು ಇನ್ನಾವುದೇ ಜನ ಸುಟ್ಟು ಹಾಕುತ್ತಿತ್ತು. ಯೆಹೂದ್ಯರು ಅದನ್ನು ಸುರುಳಿಯಲ್ಲಿ ಬರೆದು, ಒಂದಕ್ಷರ ಬೀಳದಂತೆ ಎಣಿಸಿ, ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ತಮ್ಮ ತಪ್ಪಿನ ಪಟ್ಟಿಯನ್ನು ವೇದವೆಂದು ಪೂಜಿಸಿದ ಜನ ಅದು. ಲೋಕಕ್ಕೆ ಅವರು ಕೊಟ್ಟ ದೊಡ್ಡ ದೀಕ್ಷೆ ಏಕದೇವತಾವಾದಕ್ಕಿಂತ ಇದೇ ಎಂದು ನನ್ನ ನಿಶ್ಚಿತ ಅಭಿಪ್ರಾಯ.

ಆ ಗ್ರಂಥದ ನಾಬೋತನ ಕಥೆಯನ್ನು ಗುಬ್ಬಿಯ ಅಡಿಕೆ ತೋಟದವರಿಗೆ ಹೇಳಿ ನೋಡಿ. ಅರಮನೆಯ ಮಗ್ಗುಲಲ್ಲಿ ಒಬ್ಬ ರೈತನ ದ್ರಾಕ್ಷಿತೋಟ. ಅಹಾಬ ಅರಸನಿಗೆ ಅದು ಕಾಯಿಪಲ್ಲೆ ಬೆಳೆಯಲು ಬೇಕು. ಬೆಲೆ ಕೊಡುತ್ತೇನೆ, ಬದಲಿಗೆ ಇನ್ನೂ ಒಳ್ಳೆಯ ತೋಟ ಕೊಡುತ್ತೇನೆ ಎನ್ನುತ್ತಾನೆ. ಪಿತ್ರಾರ್ಜಿತವನ್ನು ಕೊಡಲಾರೆ ಎಂದು ರೈತ ನಿಲ್ಲುತ್ತಾನೆ. ರಾಣಿ ಸುಳ್ಳುಸಾಕ್ಷಿ ಹೂಡಿ ಅವನನ್ನು ಕಲ್ಲೆಸೆದು ಕೊಲ್ಲಿಸುತ್ತಾಳೆ. ಅರಸ ತೋಟಕ್ಕೆ ಕಾಲಿಟ್ಟ ಹೊತ್ತಿಗೆ ಪ್ರವಾದಿ ಎಲೀಯ ಎದುರಿಗೆ ನಿಂತಿರುತ್ತಾನೆ: ಕೊಂದೂ ಆಯಿತು, ಸ್ವಾಧೀನವೂ ಆಯಿತೇ ಎಂದು. ಮಲ್ಲಣಾರ್ಯನ ಸತ್ಯೇಂದ್ರಚೋಳನನ್ನು ಕೇಳಿ ಬೆಳೆದ ಕಿವಿಗೆ ಎಲೀಯ ಪರಕೀಯನಾಗಲಾರ.

ವಾರಕ್ಕೊಂದು ದಿನ ಒಡೆಯನಂತೆ ಆಳಿಗೂ, ಆಳಿನಂತೆ ಎತ್ತಿಗೂ ಬಿಡುವು ಎಂಬ ಸಬ್ಬತ್ತಿನ ಕಟ್ಟಳೆಯೂ ಹಾಗೆಯೇ. ಪುರಾತನ ಗ್ರೀಕರೂ ರೋಮನ್ನರೂ ಅದನ್ನು ಸೋಮಾರಿತನವೆಂದು ಹಂಗಿಸಿದರು. ತುಮಕೂರು ಸೀಮೆಯ ರೈತ ಹಂಗಿಸುತ್ತಿರಲಿಲ್ಲ. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲ ಮೇಲೆ ನೊಗ ಇಡಬಾರದೆಂದು ಅವನ ಮನೆಯಲ್ಲಿ ತಲೆತಲಾಂತರದಿಂದ ನಡೆದುಬಂದಿತ್ತು.

ಮಿಷನ್ನಿನವರಲ್ಲೂ ಕೇಳುವ ಕಿವಿಯವರು ಬರಲಾರಂಭಿಸಿದರು. 1849ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಲ್ಲಿ ಜಾನ್ ಗ್ಯಾರೆಟ್ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಒಟ್ಟಿಗೆ ಅಚ್ಚು ಹಾಕಿದ. ಹೇಳಲು ಬಂದ ಅಚ್ಚುಕೂಟ ಕೇಳಿದ್ದನ್ನೂ ಅಚ್ಚು ಹಾಕಿತು. 1876-78ರ ಕ್ಷಾಮದಲ್ಲಿ ಮೈಸೂರು ಸೀಮೆ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಬೀದಿಪಾಲಾದ ಮಕ್ಕಳಿಗೆ ಮಿಷನ್ನಿನವರು ಬಾಗಿಲು ತೆರೆದರು. ಅನಾಥ, ವಿಧವೆ, ಪರದೇಶಿ ಈ ಮೂವರ ಹೆಸರನ್ನು ಯೆಹೂದ್ಯ ಧರ್ಮಶಾಸ್ತ್ರ ಮತ್ತೆ ಮತ್ತೆ ಎತ್ತುತ್ತದೆ. ನೀವೂ ಒಮ್ಮೆ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ ಎಂಬುದೇ ಅದಕ್ಕೆ ಕೊಡುವ ಕಾರಣ.

ಗುಬ್ಬಿಗೆ ಬಂದ ಆ ಗ್ರಂಥದ ನಾಡಿಗೆ ಇಲ್ಲಿಂದ ಹೋದವರೂ ಉಂಟು. ಆ ಕಥೆ ಕುಣಿಗಲ್ಲಿನ ಕುದುರೆಯಿಂದ ಶುರು. ಟಿಪ್ಪುವಿನ ರಾವುತರಿಗೆ ಕುದುರೆ ಒದಗಿಸಿದ ಅಲ್ಲಿಯ ಅಶ್ವಶಾಲೆ ಮುಂದೆ ಮೈಸೂರು ಸಂಸ್ಥಾನದ ಸವಾರರಿಗೂ ಕುದುರೆ ಸಾಕಿತು. ಮೊದಲ ಮಹಾಯುದ್ಧ ಬಂದಾಗ ಮೈಸೂರು ಲ್ಯಾನ್ಸರ್ಸ್ ಹಡಗು ಹತ್ತಿ ಐಗುಪ್ತಕ್ಕೆ, ಅಲ್ಲಿಂದ ಪ್ಯಾಲೆಸ್ಟೈನಿಗೆ ಹೋದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಬಿದ್ದದ್ದು ಜೋಧಪುರದ ಮತ್ತು ಮೈಸೂರಿನ ಸವಾರರ ಕೈಗೆ. ಫಿರಂಗಿಗಳನ್ನು ಹಿಡಿಯಲು ಮೈಸೂರಿನವರು ಏರಿದ ಬೆಟ್ಟದ ಹೆಸರು ಕರ್ಮೇಲ್. ಎಲೀಯನ ಬೆಟ್ಟ ಅದು. ಎಂಬತ್ತು ವರ್ಷದ ಹಿಂದೆ ಕನ್ನಡದಲ್ಲಿ ಗುಬ್ಬಿಯ ಸಂತೆಗೆ ಬಂದ ಬೆಟ್ಟವನ್ನು ಕನ್ನಡನಾಡಿನ ಸವಾರರ ಕುದುರೆಗಳ ಗೊರಸು ಮುಟ್ಟಿತು.

ಹುಟ್ಟಿನಿಂದ ಯೆಹೂದ್ಯನಾದ ಒಬ್ಬ ಮನುಷ್ಯ ನಮ್ಮ ನಾಡಿಗೆ ಬಂದು ಕೇಳುತ್ತ ಕೂತದ್ದೂ ಉಂಟು. ವಾರ್ಸಾದಲ್ಲಿ ಹುಟ್ಟಿದ ಇಂಜಿನಿಯರ್ ಮಾರಿಸ್ ಫ್ರೀಡ್ಮನ್ 1930ರ ದಶಕದಲ್ಲಿ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಗೆ ಬಂದ. ಕಾವಿ ತೊಟ್ಟು ಭಾರತಾನಂದನೆನಿಸಿದ, ಗಾಂಧೀಜಿಯವರಿಗೆ ಚರಕದ ಕೆಲಸದಲ್ಲಿ ನೆರವಾದ, ರಮಣ ಮಹರ್ಷಿಗಳ ಪಾದದ ಬಳಿ ಕೂತ. ಮುಂಬಯಿಯ ನಿಸರ್ಗದತ್ತ ಮಹಾರಾಜರ ಮರಾಠಿ ಮಾತುಗಳನ್ನು ಅವನು 1973ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಹೊರಲೋಕ ಅವನ್ನು ಓದಿತು. ಅವನ ಪೂರ್ವಿಕರು ಕೇಳಿದ್ದನ್ನು ಕಾಪಾಡಿದ ರೀತಿಯಲ್ಲೇ ಅವನು ನಮ್ಮವರ ಮಾತನ್ನು ಕಾಪಾಡಿದ.

ಅವನು ಹುಟ್ಟಿದ ಪೋಲೆಂಡಿನಲ್ಲಿ ಅಷ್ಟರಲ್ಲಿ ಹೇಳಬಾರದ್ದು ನಡೆದುಹೋಗಿತ್ತು. ಯೂರೋಪಿನ ಸುಮಾರು 60 ಲಕ್ಷ ಯೆಹೂದ್ಯರನ್ನು ನಾತ್ಸಿಗಳು ಕೊಂದರು. ಕೊಲೆ ನಡೆದದ್ದು ದಾವೀದನ ಕೀರ್ತನೆಗಳನ್ನು ಪ್ರತಿ ಭಾನುವಾರ ಹಾಡುತ್ತಿದ್ದ ಖಂಡದಲ್ಲಿ. ಹಾಡನ್ನು ಉಳಿಸಿಕೊಂಡು ಹಾಡು ಕೊಟ್ಟವರನ್ನು ಮರೆತರೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಮ್ಮ ನಾಡಿನಲ್ಲಿ ಅಂಥ ದ್ವೇಷ ಬೆಳೆಯಲಿಲ್ಲ. ಆದರೆ ಮರೆವು ನಮ್ಮಲ್ಲೂ ಇದೆ.

1947ರ ಸೆಪ್ಟೆಂಬರ್ 27ರಂದು ವೆಸ್ಲಿಯನ್ ಪರಂಪರೆಯ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಹಾಡ್ಸನ್, ಆರ್ಥರ್ ಹೆಸರು ಸಭೆಯ ಚರಿತ್ರೆಯಲ್ಲಿ ಉಳಿದಿವೆ. ಹ್ಯಾಂಡ್ಸ್, ರೀವ್ ಕನ್ನಡದ ಚರಿತ್ರೆಯಲ್ಲಿ ಉಳಿದಿದ್ದಾರೆ. ಕನ್ನಡ ಬೈಬಲಿನ 84ನೆಯ ಕೀರ್ತನೆಯಲ್ಲಿ, ದೇವರ ಬಲಿಪೀಠದ ಬಳಿ ಮನೆ ಕಂಡುಕೊಂಡ ಒಂದು ಗುಬ್ಬಿಯೂ ಇದೆ. ಆ ಹಾಡು ಕಟ್ಟಿದವರು ಯೆರೂಸಲೇಮಿನ ದೇವಾಲಯದ ಗಾಯಕರು. ಹಳೆಯ ಒಡಂಬಡಿಕೆಯೆಂದು ನಾವು ಕರೆಯುವ ಆ 39 ಪುಸ್ತಕಗಳೂ ಅವರ ಜನರವು. ಅವರು ಅವನ್ನು 24 ಎಂದು ಎಣಿಸುತ್ತಾರೆ, ‘ಹಳೆಯದು’ ಎಂದು ಕರೆಯುವುದಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ಲಿನಲ್ಲಿ ಅವನ್ನು ಕನ್ನಡದಲ್ಲಿ ಓದುವವರು, ಓದಿಸುವವರು, ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವವರು ಯೆಹೂದ್ಯರ ಹೆಸರನ್ನೂ ಬಾಯಿಬಿಟ್ಟು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.